ಸಾವಿನ ಹಾಸಿಗೆಯ ಪಕ್ಕ ಕುಳಿತ ವೈದ್ಯೆ ಸಿಸಿಲಿ ಸಾಂಡರ್ಸ್

1948ರ ಫೆಬ್ರುವರಿ 25ರಂದು ಲಂಡನ್ನಿನ ಆಸ್ಪತ್ರೆಯೊಂದರ ಸಾಮಾನ್ಯ ವಾರ್ಡಿನಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡ್ ಮೂಲದ ಯೆಹೂದಿ ಕೊನೆಯುಸಿರೆಳೆದ. ವಯಸ್ಸು ಸುಮಾರು ನಲವತ್ತು. ವಾರ್ಸಾ ನಗರದಿಂದ ಬಂದು ಹೋಟೆಲಿನಲ್ಲಿ ಮಾಣಿಯಾಗಿ ದುಡಿಯುತ್ತಿದ್ದ ಆತನಿಗೆ ಆ ಮಹಾನಗರದಲ್ಲಿ ತನ್ನವರೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಶಸ್ತ್ರಚಿಕಿತ್ಸೆಗೆ ನಿಲುಕದ ಕ್ಯಾನ್ಸರ್ ಆತನನ್ನು ಹಾಸಿಗೆಗೆ ಕೆಡವಿತ್ತು. ಉಳಿತಾಯವೆಂದು ಆತನ ಬಳಿಯಿದ್ದುದು 500 ಪೌಂಡು. ಅದನ್ನು ತನ್ನನ್ನು ನೋಡಲು ಬರುತ್ತಿದ್ದ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿದ್ದ ಓರ್ವ ಯುವತಿಯ ಹೆಸರಿಗೆ ಬರೆದು ಆತ ಕಣ್ಣುಮುಚ್ಚಿದ್ದ. ಸಾಯುತ್ತಿರುವವರಿಗಾಗಿ ಆಕೆ ಮುಂದೊಂದು ದಿನ ಕಟ್ಟಲಿರುವ ಮನೆಯಲ್ಲಿ ತಾನೊಂದು ಕಿಟಕಿಯಾಗಿರಬೇಕು ಎಂಬುದು ಆತನ ಬಯಕೆಯಾಗಿತ್ತು.

ಆ ಮನೆ ಆಗ ಎಲ್ಲಿಯೂ ಇರಲಿಲ್ಲ. ಅಂಥದೊಂದನ್ನು ಕಟ್ಟುವ ಅಧಿಕಾರವಾಗಲಿ, ಹಣವಾಗಲಿ, ವೈದ್ಯಕೀಯ ಪದವಿಯಾಗಲಿ ಆ ಯುವತಿಯ ಬಳಿಯೂ ಇರಲಿಲ್ಲ. ಆಕೆಯ ಹೆಸರು ಸಿಸಿಲಿ ಸಾಂಡರ್ಸ್. ಇಂದು ಜಗತ್ತಿನ ಬಹುತೇಕ ದೇಶಗಳಲ್ಲಿ ಹಾಸ್ಪೈಸ್ ಎಂದೋ, ಉಪಶಾಮಕ ಆರೈಕೆ ಎಂದೋ ಕರೆಯಲಾಗುವ ವ್ಯವಸ್ಥೆಯ ಬೇರು ಹುಡುಕಿಕೊಂಡು ಹೊರಟರೆ ಬಂದು ನಿಲ್ಲುವುದು ಈ ಹೆಸರಿನ ಮುಂದೆಯೇ.

ಸಿಸಿಲಿ ಜನಿಸಿದ್ದು 1918ರ ಜೂನ್ 22ರಂದು, ಲಂಡನ್ನಿನ ಉತ್ತರಕ್ಕಿರುವ ಬಾರ್ನೆಟ್‌ನಲ್ಲಿ. ತಂದೆ ಗಾರ್ಡನ್ ಸಾಂಡರ್ಸ್ ಸ್ಥಿರಾಸ್ತಿ ವ್ಯವಹಾರದಲ್ಲಿ ಚೆನ್ನಾಗಿ ಗಳಿಸಿದವರು. ಇಬ್ಬರು ತಮ್ಮಂದಿರು. ಮನೆಯಲ್ಲಿ ಅನುಕೂಲಕ್ಕೆ ಕೊರತೆಯಿರಲಿಲ್ಲ, ನೆಮ್ಮದಿಗೆ ಇತ್ತು. ತಂದೆ ತಾಯಿಯರ ದಾಂಪತ್ಯ ಹೊಂದಿಕೆಯಾಗದೆ ಕೊನೆಗೆ 1945ರಲ್ಲಿ ಇಬ್ಬರೂ ಬೇರೆಯಾದರು. ರೋಡೀನ್ ಎಂಬ ಪ್ರತಿಷ್ಠಿತ ವಸತಿ ಶಾಲೆಯಲ್ಲಿ ಓದಿದ ಬಾಲಕಿಗೆ ಅಲ್ಲಿಯೂ ಹಿತವೆನಿಸಲಿಲ್ಲ. ಆರು ಅಡಿಯವರೆಗೆ ಬೆಳೆದ ನಿಲುವು, ಅದರಿಂದ ಬಂದ ಸಂಕೋಚ, ಗುಂಪಿನಲ್ಲಿ ಬೆರೆಯಲಾಗದ ಸ್ವಭಾವ. ಹೊರಗೆ ನಿಂತವರ ಕಷ್ಟ ಏನೆಂಬುದು ಅವರಿಗೆ ತಿಳಿದದ್ದು ಶಾಲೆಯ ದಿನಗಳಲ್ಲಿಯೇ ಎನ್ನಬೇಕು.

1938ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಸೇರಿ ರಾಜಕೀಯ, ತತ್ವಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದತೊಡಗಿದ್ದರು. ಮರುವರ್ಷವೇ ಎರಡನೆಯ ಮಹಾಯುದ್ಧ ಆರಂಭವಾಯಿತು. ದೇಶ ಉರಿಯುತ್ತಿರುವಾಗ ಗ್ರಂಥಾಲಯದಲ್ಲಿ ಕುಳಿತಿರುವುದು ಅವರಿಗೆ ಸಾಧ್ಯವಾಗಲಿಲ್ಲ. 1940ರಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಿ ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಯಲ್ಲಿ ದಾದಿಯ ತರಬೇತಿಗೆ ಸೇರಿದರು. ಫ್ಲಾರೆನ್ಸ್ ನೈಟಿಂಗೇಲ್ ಸ್ಥಾಪಿಸಿದ್ದ ಶಾಲೆ ಅದು. ಅಲ್ಲಿಯ ದುಡಿಮೆ ಅವರಿಗೆ ಒಗ್ಗಿತು, ಆದರೆ ಬೆನ್ನು ಒಪ್ಪಲಿಲ್ಲ. ಬೆನ್ನುಮೂಳೆಯ ತೊಂದರೆ ಉಲ್ಬಣಿಸಿ, 1944ರಲ್ಲಿ ದಾದಿಯಾಗಿ ಅರ್ಹತೆ ಪಡೆದ ಹೊತ್ತಿಗೆ ರೋಗಿಗಳನ್ನು ಎತ್ತಿ ಕೂರಿಸುವ ಕೆಲಸವನ್ನು ಶಾಶ್ವತವಾಗಿ ಬಿಡಬೇಕಾಯಿತು. ಆಕ್ಸ್‌ಫರ್ಡಿಗೆ ಮರಳಿ ಪದವಿ ಮುಗಿಸಿ ಅವರು ಆರಿಸಿಕೊಂಡದ್ದು ಆಲ್ಮನರ್ ಎಂಬ ಹುದ್ದೆ. ರೋಗಿಯ ಮನೆಯ ಸ್ಥಿತಿಗತಿ, ಹಣಕಾಸು, ಆಸ್ಪತ್ರೆಯಿಂದ ಹೊರಟ ಮೇಲಿನ ವ್ಯವಸ್ಥೆ ಇವನ್ನೆಲ್ಲ ವಿಚಾರಿಸಿಕೊಳ್ಳುವ ಕೆಲಸ ಅದು. ಇದೇ ಅವಧಿಯಲ್ಲಿ, ಅಂದರೆ 1945ರಲ್ಲಿ, ಅಲ್ಲಿಯವರೆಗೆ ದೇವರ ಗೊಡವೆಗೆ ಹೆಚ್ಚು ಹೋಗದಿದ್ದ ಅವರು ಗಾಢವಾದ ಕ್ರೈಸ್ತ ಶ್ರದ್ಧೆಗೆ ಒಲಿದರು. ಆ ಶ್ರದ್ಧೆ ಕಡೆಯವರೆಗೂ ಅವರೊಂದಿಗಿತ್ತು.

ಡೇವಿಡ್ ಟಾಸ್ಮಾನ ಪರಿಚಯವಾದದ್ದು ಈ ಹುದ್ದೆಯಲ್ಲಿದ್ದಾಗ. ಆತ ಬೇರೆ ಆಸ್ಪತ್ರೆಗೆ ದಾಖಲಾದ ಮೇಲೂ ಸಿಸಿಲಿ ಎರಡು ತಿಂಗಳ ಕಾಲ ಅಲ್ಲಿಗೆ ಹೋಗಿ ಬರುತ್ತಿದ್ದರು. ಇಬ್ಬರ ನಡುವೆ ಅನುರಾಗ ಮೂಡಿತ್ತೆಂಬುದನ್ನು ಅವರು ಮುಂದೆ ಬಚ್ಚಿಡಲಿಲ್ಲ. ಆದರೆ ಅವರಿಬ್ಬರೂ ಹೆಚ್ಚು ಮಾತನಾಡಿಕೊಂಡದ್ದು ಇಂಥ ರೋಗಿಗೆ ಏನು ಬೇಕು ಎಂಬುದನ್ನು ಕುರಿತು. ಗದ್ದಲದ ವಾರ್ಡು. ಪಕ್ಕದ ಹಾಸಿಗೆಯವನು ಗುಣವಾಗಿ ಮನೆಗೆ ಹೋಗುವವನು. ವೈದ್ಯರು ಸುತ್ತಿಗೆ ಬಂದಾಗ ಗುಣವಾಗದವನ ಹಾಸಿಗೆಯ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೋವು ಕಡಿಮೆಯಾಗಬೇಕು, ನಿಜ. ಅದರ ಜೊತೆಗೆ ತಾನು ಯಾರು, ತನ್ನ ಬದುಕಿಗೇನಾದರೂ ಅರ್ಥವಿತ್ತೇ ಎಂಬುದನ್ನು ಕೇಳಿಕೊಳ್ಳಲು ಜಾಗವೂ, ಕೇಳಿಸಿಕೊಳ್ಳಲು ಒಬ್ಬರೂ ಬೇಕು. ಟಾಸ್ಮಾನಿಂದ ಸಿಸಿಲಿ ಕಲಿತದ್ದು ಇದನ್ನು.

ಆತ ಸತ್ತ ಮೇಲೆ ಅವರು ಸಂಜೆಯ ಹೊತ್ತು ಬೇಸ್‌ವಾಟರ್‌ನಲ್ಲಿದ್ದ ಸೇಂಟ್ ಲ್ಯೂಕ್ಸ್ ಎಂಬ ಸಂಸ್ಥೆಯಲ್ಲಿ ಸ್ವಯಂಸೇವಕಿಯಾಗಿ ದುಡಿಯತೊಡಗಿದರು. 1893ರಲ್ಲಿ ಬಡವರಿಗಾಗಿ ಆರಂಭವಾಗಿದ್ದ ಆ ಧರ್ಮಸಂಸ್ಥೆಯಲ್ಲಿ ಒಂದು ಸಣ್ಣ ಸಂಗತಿ ಅವರ ಕಣ್ಣಿಗೆ ಬಿತ್ತು. ಅಲ್ಲಿ ಮಾರ್ಫಿನ್ ಔಷಧವನ್ನು ರೋಗಿ ನರಳಿ ಬೇಡುವ ತನಕ ಕಾಯದೆ, ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕುಡಿಸುತ್ತಿದ್ದರು. ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದುದು ಇದಕ್ಕೆ ತದ್ವಿರುದ್ಧ. ಅಲ್ಲಿ ನೋವು ತಡೆಯಲಾರದಷ್ಟಾದಾಗ ಮಾತ್ರ ಚುಚ್ಚುಮದ್ದು. ಕೊಟ್ಟರೆ ಚಟ ಹತ್ತೀತು, ಇಂದೇ ಕೊಟ್ಟರೆ ನಾಳೆಗೆ ನಾಟದು ಎಂಬ ಭಯ ವೈದ್ಯರಿಗೆ.

ಈ ಸಂಗತಿಯನ್ನು ಕೊಂಚ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಸಾಂಡರ್ಸ್ ಅವರ ಮುಂದಿನ ಕೆಲಸದ ತಿರುಳೇ ಇದರಲ್ಲಿದೆ. ಬಾಯಿಯ ಮೂಲಕ ಕೊಟ್ಟ ಸಾಧಾರಣ ಮಾರ್ಫಿನ್ನಿನ ಪರಿಣಾಮ ಉಳಿಯುವುದು ಸುಮಾರು ನಾಲ್ಕು ಗಂಟೆ. ಆ ಅವಧಿ ಮುಗಿದು ನೋವು ಮರಳಿ ಬಂದು, ರೋಗಿ ದಾದಿಯನ್ನು ಕರೆದು, ಆಕೆ ಬೀಗ ಹಾಕಿದ ಕಪಾಟು ತೆರೆದು ಔಷಧ ತರುವಷ್ಟರಲ್ಲಿ ನೋವು ಮೇಲೇರಿ ಕುಳಿತಿರುತ್ತದೆ. ಏರಿದ ನೋವನ್ನು ಇಳಿಸಲು ಹೆಚ್ಚಿನ ಪ್ರಮಾಣ ಬೇಕು. ಹೆಚ್ಚಿನ ಪ್ರಮಾಣ ಕೊಟ್ಟಾಗ ರೋಗಿ ಮಂಪರಿನಲ್ಲಿ ಮುಳುಗುತ್ತಾನೆ. ಎಚ್ಚರವಾದೊಡನೆ ಮುಂದಿನ ನೋವಿನ ಭೀತಿ ಆವರಿಸಿ, ಆ ಭೀತಿಯೇ ನೋವನ್ನು ಹೆಚ್ಚಿಸುತ್ತದೆ. ಬದಲಿಗೆ, ನೋವು ಮರಳುವ ಮುನ್ನವೇ ಮುಂದಿನ ಪ್ರಮಾಣ ಹೊಟ್ಟೆ ಸೇರಿದರೆ ಸಣ್ಣ ಪ್ರಮಾಣವೇ ಸಾಕಾಗುತ್ತದೆ. ರೋಗಿ ಎಚ್ಚರವಾಗಿರುತ್ತಾನೆ, ಉಣ್ಣುತ್ತಾನೆ, ಮಗಳ ಪತ್ರ ಓದುತ್ತಾನೆ. ಬೇಡುವ ಪ್ರಸಂಗವೇ ಇಲ್ಲವಾದ್ದರಿಂದ ಔಷಧಕ್ಕಾಗಿ ಹಪಹಪಿಸುವುದೂ ತಪ್ಪುತ್ತದೆ. ತಿಳಿದ ಮೇಲೆ ಎಷ್ಟು ಸರಳ ಎನಿಸುವ ವಿಚಾರ. ಅದನ್ನು ವೈದ್ಯಲೋಕಕ್ಕೆ ಒಪ್ಪಿಸಲು ಹಿಡಿದದ್ದು ಸುಮಾರು ಮೂರು ದಶಕ.

ಸಾಯುವವರ ಆರೈಕೆಗೇ ಬದುಕನ್ನು ಮುಡಿಪಾಗಿಡಬೇಕೆಂದು ನಿಶ್ಚಯಿಸಿದ ಸಿಸಿಲಿ, ತಾವು ಸಹಾಯಕಿಯಾಗಿ ದುಡಿಯುತ್ತಿದ್ದ ಎದೆಯ ಶಸ್ತ್ರಚಿಕಿತ್ಸಕ ನಾರ್ಮನ್ ಬ್ಯಾರೆಟ್ ಅವರ ಸಲಹೆ ಕೇಳಿದರು. ರಾತ್ರಿಪಾಳಿಯ ದಾದಿಯಾಗಿ ಮತ್ತೆ ಸೇರಿಕೊಂಡರೆ ಹೇಗೆಂಬುದು ಅವರ ಯೋಚನೆ. ಬ್ಯಾರೆಟ್ ಒಪ್ಪಲಿಲ್ಲ. ಸಾಯುವವರನ್ನು ಕೈಬಿಡುವವರು ವೈದ್ಯರೇ, ದಾದಿಯ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ, ಆದ್ದರಿಂದ ವೈದ್ಯಕೀಯವನ್ನೇ ಓದಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಕಹಿಯಾದರೂ ಸತ್ಯವಾದ ಮಾತು. 1951ರಲ್ಲಿ, ತಮ್ಮ 33ನೆಯ ವಯಸ್ಸಿನಲ್ಲಿ, ಹದಿಹರೆಯ ದಾಟಿದ ಹುಡುಗರ ನಡುವೆ ಕುಳಿತು ಸಾಂಡರ್ಸ್ ವೈದ್ಯಕೀಯ ವ್ಯಾಸಂಗ ಆರಂಭಿಸಿದರು. 1957ರಲ್ಲಿ ವೈದ್ಯೆಯಾದರು. ದಾದಿ, ಸಮಾಜ ಕಾರ್ಯಕರ್ತೆ, ವೈದ್ಯೆ ಎಂಬ ಮೂರು ಅರ್ಹತೆಗಳು ಒಬ್ಬರಲ್ಲಿಯೇ ಕೂಡಿದ್ದು ಹೀಗೆ. ಬೆನ್ನು ಸರಿಯಿದ್ದಿದ್ದರೆ ಅವರು ಬಹುಶಃ ಒಳ್ಳೆಯ ದಾದಿಯಾಗಿಯೇ ನಿವೃತ್ತರಾಗುತ್ತಿದ್ದರು.

ಮರುವರ್ಷ ಸಂಶೋಧನಾ ವೇತನವೊಂದು ದೊರೆತು, ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಸೇಂಟ್ ಜೋಸೆಫ್ಸ್ ಹಾಸ್ಪೈಸ್‌ನಲ್ಲಿ ಕೆಲಸ ಮಾಡುವ ಅವಕಾಶ ಒದಗಿತು. ಐರಿಷ್ ಕ್ರೈಸ್ತ ಸನ್ಯಾಸಿನಿಯರು 1905ರಿಂದ ನಡೆಸುತ್ತಿದ್ದ ಆ ಮನೆಯಲ್ಲಿ ಅಕ್ಕರೆಗೆ ಬರವಿರಲಿಲ್ಲ. ಇಲ್ಲದಿದ್ದುದು ಲೆಕ್ಕಪತ್ರ ಮತ್ತು ಔಷಧದ ಕ್ರಮ. ಸಾಂಡರ್ಸ್ ಅಲ್ಲಿ ಪ್ರತಿಯೊಬ್ಬ ರೋಗಿಗೂ ಒಂದು ದಾಖಲೆ ತೆರೆದರು. ಯಾವ ನೋವು, ಎಷ್ಟು ಔಷಧ, ಎಷ್ಟು ಹೊತ್ತಿಗೆ ಶಮನ, ಮಲಬದ್ಧತೆ ಉಂಟೇ, ವಾಕರಿಕೆ ಉಂಟೇ ಎಂಬುದನ್ನೆಲ್ಲ ಬರೆದಿಟ್ಟರು. ರೋಗಿಗಳ ಮಾತನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟರು. ಸೇಂಟ್ ಲ್ಯೂಕ್ಸ್‌ನಲ್ಲಿ ಕಂಡಿದ್ದ ಹೊತ್ತುಹೊತ್ತಿನ ಔಷಧಕ್ರಮವನ್ನು ಇಲ್ಲಿ ಜಾರಿಗೆ ತಂದರು. ಏಳು ವರ್ಷಗಳಲ್ಲಿ ಒಂದು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಅವರ ಬಳಿ ಸಂಗ್ರಹವಾಯಿತು. ಹೊತ್ತಿಗೆ ಸರಿಯಾಗಿ ಮಾರ್ಫಿನ್ ಪಡೆದವರು ವ್ಯಸನಿಗಳಾಗಲಿಲ್ಲ, ಪ್ರಮಾಣವನ್ನು ಮಿತಿಮೀರಿ ಏರಿಸುತ್ತ ಹೋಗಬೇಕಾದ ಪ್ರಸಂಗವೂ ಬರಲಿಲ್ಲ ಎಂಬುದನ್ನು ಈ ದಾಖಲೆಗಳು ತೋರಿಸಿದವು. ಕರುಣೆಯಿಂದ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಂಕಿಅಂಶದಿಂದ ಹೇಳಿದ್ದರಿಂದ ಕೇಳಿಸಿಕೊಳ್ಳಲೇಬೇಕಾಯಿತು.

ಇಲ್ಲಿಯೇ ಅವರ ಇನ್ನೊಂದು ವಿಚಾರವೂ ರೂಪುಗೊಂಡಿತು. ತನ್ನ ನೋವನ್ನು ವಿವರಿಸುವಂತೆ ಕೇಳಿದಾಗ ಓರ್ವ ಮಹಿಳಾ ರೋಗಿ ಬೆನ್ನಿನಿಂದ ಮಾತು ಆರಂಭಿಸಿದಳು. ಆಮೇಲೆ ಗಂಡನ ದಣಿವು, ಕೆಲಸ ಬಿಟ್ಟು ಮನೆಯಲ್ಲಿಯೇ ಉಳಿಯಬೇಕಾದ ಮಗ, ಖರ್ಚು, ಯಾರಿಗೂ ತನ್ನ ಸ್ಥಿತಿ ಅರ್ಥವಾಗುತ್ತಿಲ್ಲವೆಂಬ ಒಂಟಿತನ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಬದುಕಿನ ಅರ್ಥವನ್ನು ಕುರಿತ ತಳಮಳ ಇವು ನಾಲ್ಕೂ ಬೇರೆ ಬೇರೆಯಲ್ಲ, ಒಂದೇ ನೋವಿನ ನಾಲ್ಕು ಮುಖಗಳು ಎಂದು ಸಾಂಡರ್ಸ್ 1960ರ ದಶಕದ ಆರಂಭದಲ್ಲಿ ಪ್ರತಿಪಾದಿಸಿದರು. ಇದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ಸಮಗ್ರ ನೋವು ಎನ್ನಬಹುದು. ನಮ್ಮ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಹಿರಿಯರು ತಮ್ಮ ಕಾಯಿಲೆಯ ಮಾತಿಗಿಂತ ಮೊಮ್ಮಗಳ ಮದುವೆ, ತೀರದ ಸಾಲ, ಮಾತುಬಿಟ್ಟ ತಮ್ಮನ ಸುದ್ದಿಯನ್ನೇ ಹೆಚ್ಚು ಆಡುವುದನ್ನು ಕಂಡವರಿಗೆ ಇದರ ಅರ್ಥವಾಗಲು ವೈದ್ಯಗ್ರಂಥ ಬೇಕಿಲ್ಲ.

ಸೇಂಟ್ ಜೋಸೆಫ್ಸ್‌ನಲ್ಲಿದ್ದಾಗಲೇ ಅವರ ಖಾಸಗಿ ಬದುಕಿಗೆ ಬಲವಾದ ಪೆಟ್ಟುಗಳು ಬಿದ್ದವು. 1960ರಲ್ಲಿ ಆಂಟೊನಿ ಮಿಖ್ನಿಯೆವಿಚ್ ಎಂಬ ಇನ್ನೊಬ್ಬ ಪೋಲೆಂಡ್ ಮೂಲದ ರೋಗಿಯೊಡನೆ ಅವರಿಗೆ ಪ್ರೀತಿಯುಂಟಾಯಿತು. ತಿಂಗಳುಗಟ್ಟಲೆ ಆರೈಕೆ ನೀಡಿದ ಬಳಿಕ, ಪರಸ್ಪರ ಒಲವನ್ನು ತಿಳಿಯಪಡಿಸಿಕೊಂಡು ಕೆಲವೇ ವಾರಗಳಲ್ಲಿ ಆತ ತೀರಿಕೊಂಡ. ಅದೂ ಅನ್ಯ ರೋಗಿಗಳ ಕಣ್ಣೆದುರಿಗಿನ ವಾರ್ಡಿನಲ್ಲಿ, ಏಕಾಂತದ ಒಂದು ಗಳಿಗೆಯೂ ಇಲ್ಲದೆ. 1961ರಲ್ಲಿ ತಂದೆ ತೀರಿಕೊಂಡರು. ವರ್ಷಗಳಿಂದ ಆಪ್ತಳಾಗಿದ್ದ ರೋಗಿಯೊಬ್ಬಳೂ ಅದೇ ವರ್ಷ ಅಗಲಿದಳು. ಒಂದು ದುಃಖ ಇನ್ನೊಂದರೊಳಗೆ ಕಲಸಿಹೋಗಿ ಯಾರಿಗಾಗಿ ಅಳುತ್ತಿದ್ದೇನೆಂಬುದೇ ತಿಳಿಯದ ಸ್ಥಿತಿ ಅವರದಾಗಿತ್ತು. ಮುಂದೆ ಅವರು ಕಟ್ಟಿದ ಸಂಸ್ಥೆಯಲ್ಲಿ ರೋಗಿ ಸತ್ತೊಡನೆ ಕಡತ ಮುಚ್ಚದೆ ಉಳಿದ ಕುಟುಂಬದವರನ್ನೂ ವಿಚಾರಿಸಿಕೊಳ್ಳುವ ಕ್ರಮ ಬಂದದ್ದಕ್ಕೂ ಈ ಅನುಭವಕ್ಕೂ ನಂಟಿಲ್ಲವೆಂದು ಹೇಳಲಾಗದು.

ಕಟ್ಟುವ ಯೋಜನೆಯನ್ನು ಅವರು ಕಾಗದಕ್ಕಿಳಿಸಿದ್ದು 1959ರಲ್ಲಿ. 1961ರಲ್ಲಿ ಸಂಸ್ಥೆ ನೋಂದಣಿಯಾಯಿತು. ಪ್ರಯಾಣಿಕರ ರಕ್ಷಕನೆಂದು ಕ್ರೈಸ್ತರು ನಂಬುವ ಸಂತ ಕ್ರಿಸ್ಟೋಫರನ ಹೆಸರನ್ನು ಅದಕ್ಕಿಟ್ಟರು. ಬಳಿಕದ ಆರು ವರ್ಷ ದತ್ತಿ ಸಂಸ್ಥೆಗಳ ಬಾಗಿಲು ಬಡಿಯುವುದು, ಪತ್ರ ಬರೆಯುವುದು, ಭಾಷಣ ಮಾಡುವುದು. ಸಾವಿನ ಹೆಸರಿನಲ್ಲಿ ಹಣ ಕೇಳುವುದು ಎಲ್ಲಿಯೂ ಸುಲಭವಲ್ಲ. ಸಾಂಡರ್ಸ್ ಅವರ ನಿಲುವು, ದನಿ, ಪಟ್ಟು ಹಿಡಿದರೆ ಬಿಡದ ಗುಣ ಇಲ್ಲಿ ಕೆಲಸಕ್ಕೆ ಬಂದವು. ಒರಟು ಸ್ವಭಾವದವರು, ತಾವು ಹೇಳಿದ್ದೇ ನಡೆಯಬೇಕೆನ್ನುವವರು ಎಂಬ ದೂರು ಅವರ ಜೊತೆ ದುಡಿದವರಲ್ಲಿತ್ತು. ಸೌಮ್ಯ ಸ್ವಭಾವದವರಾಗಿದ್ದರೆ ಕಟ್ಟಡ ಏಳುತ್ತಿತ್ತೇ ಎಂಬುದೂ ಸಂಶಯವೇ. ಇದು ಕ್ರೈಸ್ತರಿಗೆ ಮೀಸಲಾದ ಮಠದಂತಿರಬೇಕೋ, ಎಲ್ಲರಿಗೂ ತೆರೆದ ವೈದ್ಯಕೀಯ ಸಂಸ್ಥೆಯಾಗಬೇಕೋ ಎಂಬ ಚರ್ಚೆಯೂ ಸಂಸ್ಥಾಪಕರ ನಡುವೆ ದೀರ್ಘಕಾಲ ನಡೆಯಿತು. ಕಡೆಗೆ ಜಾತಿಮತ ಕೇಳದೆ, ನಂಬಿಕೆಯುಳ್ಳವರಿಗೂ ಇಲ್ಲದವರಿಗೂ ಬಾಗಿಲು ತೆರೆಯುವುದೆಂದು ನಿಶ್ಚಯವಾಯಿತು. ಮೊದಲ ದೇಣಿಗೆ ಕೊಟ್ಟವನು ಯೆಹೂದಿ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

1967ರ ಜುಲೈ ತಿಂಗಳಿನಲ್ಲಿ, ಆಗ್ನೇಯ ಲಂಡನ್ನಿನ ಸಿಡ್ನಮ್ ಬಡಾವಣೆಯಲ್ಲಿ 54 ಹಾಸಿಗೆಗಳ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಆರಂಭವಾಯಿತು. ಪ್ರವೇಶದ್ವಾರದ ಬಳಿ ಡೇವಿಡ್ ಟಾಸ್ಮಾನ ಹೆಸರಿನ ದೊಡ್ಡ ಗಾಜಿನ ಕಿಟಕಿಯಿತ್ತು. ಆತ ಸತ್ತು 19 ವರ್ಷಗಳಾಗಿದ್ದವು.

ಸಾಯುವವರಿಗೆ ಆಶ್ರಯ ಕೊಡುವ ಮನೆಗಳು ಅದಕ್ಕೂ ಮೊದಲೇ ಇದ್ದವು. ಸೇಂಟ್ ಕ್ರಿಸ್ಟೋಫರ್ಸ್‌ನ ವೈಶಿಷ್ಟ್ಯವೆಂದರೆ ಆರೈಕೆ, ಬೋಧನೆ, ಸಂಶೋಧನೆ ಮೂರೂ ಒಂದೇ ಸೂರಿನಡಿ ನಡೆದದ್ದು. 1969ರಿಂದ ಅಲ್ಲಿಯ ದಾದಿಯರು ರೋಗಿಗಳ ಮನೆಗೇ ಹೋಗಿ ಔಷಧ ಹೊಂದಿಸಿ ಕೊಡತೊಡಗಿದರು. ಮನೆಯಲ್ಲಿಯೇ ಕೊನೆಯ ದಿನಗಳನ್ನು ಕಳೆಯಬಯಸುವವರಿಗೆ ಅದೊಂದು ವರವಾಯಿತು. ಮನೋವೈದ್ಯ ಕಾಲಿನ್ ಮರ್ರಿ ಪಾರ್ಕ್ಸ್ ಅಲ್ಲಿ ಅಗಲಿಕೆಯ ದುಃಖವನ್ನು ಕುರಿತು ಅಧ್ಯಯನ ನಡೆಸಿದರು. 1970ರ ದಶಕದಲ್ಲಿ ರಾಬರ್ಟ್ ಟ್ವೈಕ್ರಾಸ್ ಎಂಬ ತರುಣ ವೈದ್ಯರು ಮಾರ್ಫಿನ್ ಮತ್ತು ಡಯಾಮಾರ್ಫಿನ್‌ಗಳನ್ನು ಹೋಲಿಸಿ ಪರೀಕ್ಷೆ ನಡೆಸಿದರು. ಅಂದಿನ ಬ್ರಿಟನ್ನಿನಲ್ಲಿ ಮಾರ್ಫಿನ್ ಅಥವಾ ಡಯಾಮಾರ್ಫಿನ್‌ಗೆ ಕೊಕೇನ್, ಮದ್ಯ ಬೆರೆಸಿ ತಯಾರಿಸುತ್ತಿದ್ದ ಬ್ರಾಂಪ್ಟನ್ ಮಿಶ್ರಣಕ್ಕೆ ಬಹಳ ಹೆಸರು. ಬಾಯಿಯ ಮೂಲಕ ಕೊಡುವಾಗ ಎರಡು ಔಷಧಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ಟ್ವೈಕ್ರಾಸ್ ಅವರ ಪರೀಕ್ಷೆಗಳಿಂದ ತಿಳಿದುಬಂತು. ಸಾದಾ ಮಾರ್ಫಿನ್ ಸಾಕಾಗಿತ್ತು. ಅಗ್ಗದ ಔಷಧವೇ ಸಾಕೆಂಬ ಈ ತೀರ್ಮಾನದ ಬೆಲೆ ಗೊತ್ತಾಗುವುದು ಭಾರತದಂಥ ದೇಶಗಳಿಗೆ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸಿದಾಗ ಔಷಧವನ್ನು ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಕೊಡಬೇಕೆಂದು ವಿಧಿಸಿತು. ಗಡಿಯಾರದ ಪಾಠ ಬಂದದ್ದು ಎಲ್ಲಿಂದ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಾಂಡರ್ಸ್ ಅವರ ವಿಚಾರ ಕಡಲು ದಾಟಿದ್ದು ಕಟ್ಟಡಕ್ಕಿಂತ ಮೊದಲೇ. 1963ರಲ್ಲಿ ಅವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸ ಕೇಳಿ, ಅಲ್ಲಿಯ ನರ್ಸಿಂಗ್ ಶಾಲೆಯ ಮುಖ್ಯಸ್ಥೆ ಫ್ಲಾರೆನ್ಸ್ ವಾಲ್ಡ್ ತಮ್ಮ ಹುದ್ದೆಯನ್ನೇ ಬಿಟ್ಟು ಈ ಕೆಲಸಕ್ಕಿಳಿದರು. 1974ರಲ್ಲಿ ಕನೆಕ್ಟಿಕಟ್‌ನಲ್ಲಿ ಅಮೆರಿಕದ ಮೊದಲ ಆಧುನಿಕ ಹಾಸ್ಪೈಸ್ ಆರಂಭವಾಯಿತು. ಕೆನಡಾದ ಮಾಂಟ್ರಿಯಲ್‌ನ ಶಸ್ತ್ರಚಿಕಿತ್ಸಕ ಬಾಲ್ಫರ್ ಮೌಂಟ್ ಸೇಂಟ್ ಕ್ರಿಸ್ಟೋಫರ್ಸ್‌ಗೆ ಬಂದು ನೋಡಿಹೋಗಿ, 1975ರಲ್ಲಿ ತಮ್ಮ ಆಸ್ಪತ್ರೆಯೊಳಗೇ ಅಂಥದೊಂದು ವಿಭಾಗ ತೆರೆದರು. ಮಾಂಟ್ರಿಯಲ್ ಫ್ರೆಂಚ್ ಮಾತನಾಡುವ ಊರು. ಆ ಭಾಷೆಯಲ್ಲಿ ಹಾಸ್ಪೈಸ್ ಎಂದರೆ ಗತಿಗೆಟ್ಟವರ ಬಿಡಾರ ಎಂಬ ಧ್ವನಿಯಿತ್ತು. ಆದ್ದರಿಂದ ಮೌಂಟ್ ಅವರು ಪ್ಯಾಲಿಯೇಟಿವ್ ಕೇರ್ ಎಂಬ ಹೆಸರು ಬಳಸಿದರು. ಹೊದಿಕೆ, ನಿಲುವಂಗಿ ಎಂಬ ಅರ್ಥದ ಲ್ಯಾಟಿನ್ ಪದ ಇದರ ಮೂಲ. 1987ರಲ್ಲಿ ಬ್ರಿಟನ್ ಇದನ್ನು ವೈದ್ಯಕೀಯದ ಪ್ರತ್ಯೇಕ ಶಾಖೆಯೆಂದು ಮಾನ್ಯ ಮಾಡಿತು.

ದಯಾಮರಣವನ್ನು ಕುರಿತು ಸಾಂಡರ್ಸ್ ಅವರ ನಿಲುವು ಕೊನೆಯತನಕ ಬದಲಾಗಲಿಲ್ಲ. ಅವರು ಅದರ ಕಡು ವಿರೋಧಿ. ಬ್ರಿಟನ್ನಿನ ದಯಾಮರಣ ಪರ ಸಂಘದ ಅಧ್ಯಕ್ಷರಾಗಿದ್ದ ಸೂಕ್ಷ್ಮಜೀವಿ ವಿಜ್ಞಾನಿ ಲಿಯೊನಾರ್ಡ್ ಕೋಲ್‌ಬ್ರುಕ್ ಅವರೊಡನೆ ಪತ್ರಮುಖೇನ ವಾದಕ್ಕಿಳಿದು, ಅವರನ್ನು ಸೇಂಟ್ ಜೋಸೆಫ್ಸ್‌ಗೆ ಕರೆಸಿಕೊಂಡು ರೋಗಿಗಳನ್ನು ತೋರಿಸಿದ್ದರು. ಎಲ್ಲರಿಗೂ ಇಂಥ ಆರೈಕೆ ಸಿಗುವುದಾದರೆ ತಮ್ಮ ಸಂಘದ ಬೇಡಿಕೆಗೆ ಬಹುಮಟ್ಟಿಗೆ ಕಾರಣವೇ ಉಳಿಯುವುದಿಲ್ಲವೆಂದು ಕೋಲ್‌ಬ್ರುಕ್ ಒಪ್ಪಿಕೊಂಡರು. ಆದರೆ ಎಲ್ಲರಿಗೂ ಎಲ್ಲಿಂದ ಸಿಕ್ಕೀತು ಎಂಬ ಅವರ ಪ್ರಶ್ನೆಯೂ ನ್ಯಾಯವಾದದ್ದೇ. ಸಾವನ್ನು ತ್ವರೆಗೊಳಿಸಬಾರದೆಂದು ವಾದಿಸಿದ ಸಾಂಡರ್ಸ್, ಫಲವಿಲ್ಲದ ಚಿಕಿತ್ಸೆಯಿಂದ ಅದನ್ನು ಎಳೆದಾಡಬಾರದೆಂದೂ ಅಷ್ಟೇ ಗಟ್ಟಿಯಾಗಿ ಹೇಳಿದರು. ಇವೆರಡರ ನಡುವಿನ ಅಂತರ ನಮ್ಮಲ್ಲಿ ಈಗಲೂ ಗೊಂದಲ ಹುಟ್ಟಿಸುತ್ತದೆ. ಸುಪ್ರೀಂ ಕೋರ್ಟಿನ 2018ರ ತೀರ್ಪು ಹಾಗೂ 2023ರ ಪರಿಷ್ಕೃತ ಮಾರ್ಗಸೂಚಿಯನ್ನು ಅನುಸರಿಸಿ, ಜೀವರಕ್ಷಕ ಚಿಕಿತ್ಸೆ ಹಿಂತೆಗೆದುಕೊಳ್ಳುವ ವಿಧಾನ ಕುರಿತು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದಾಗ, ಸರ್ಕಾರ ದಯಾಮರಣಕ್ಕೆ ಅನುಮತಿ ಕೊಟ್ಟಿತೆಂದೇ ಹಲವರು ಭಾವಿಸಿದ್ದುಂಟು.

ಅವರ ಬದುಕಿನಲ್ಲಿ ಮೂರನೆಯ ಸಲವೂ ಒಲವು ಬಂದದ್ದು ಪೋಲೆಂಡಿನ ಕಡೆಯಿಂದಲೇ. 1963ರಲ್ಲಿ ಲಂಡನ್ನಿನ ಕಲಾ ಗ್ಯಾಲರಿಯೊಂದರಲ್ಲಿ ಕಂಡ ಒಂದು ವರ್ಣಚಿತ್ರ ಅವರನ್ನು ಹಿಡಿದು ನಿಲ್ಲಿಸಿತು. ಕೊಂಡು ತಂದು, ಚಿತ್ರಕಾರನಿಗೆ ಪತ್ರ ಬರೆದರು. ಮರಿಯನ್ ಬೊಹುಶ್ ಶಿಶ್ಕೊ ಎಂಬ ಆ ಕಲಾವಿದ ಅವರಿಗಿಂತ ಬಹಳ ಹಿರಿಯ. ಪೋಲೆಂಡಿನಲ್ಲಿ ಬಹುಕಾಲದಿಂದ ದೂರವಾಗಿದ್ದ ಪತ್ನಿಯಿದ್ದ ಕ್ಯಾಥೊಲಿಕ್ ಗೃಹಸ್ಥ. ಆಕೆ ತೀರಿಕೊಂಡ ಕೆಲವು ವರ್ಷಗಳ ನಂತರ, 1980ರಲ್ಲಿ ಇಬ್ಬರೂ ವಿವಾಹವಾದರು. ವಧುವಿಗೆ 61, ವರನಿಗೆ 79 ತುಂಬುತ್ತಿದ್ದ ವಯಸ್ಸು. ಹಾಸ್ಪೈಸ್‌ನ ಗೋಡೆಗಳ ಮೇಲೆಲ್ಲ ಆತನ ಚಿತ್ರಗಳು. ಮುಪ್ಪಿನಲ್ಲಿ ದುರ್ಬಲರಾದ ಪತಿಯನ್ನು ಸಾಂಡರ್ಸ್ ತಾವೇ ಆರೈಕೆ ಮಾಡಿದರು. 1995ರಲ್ಲಿ ಆತ ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿಯೇ ತೀರಿಕೊಂಡರು.

ಪ್ರಶಸ್ತಿಗಳಿಗೆ ಕೊರತೆಯಾಗಲಿಲ್ಲ. 1981ರ ಟೆಂಪಲ್ಟನ್ ಪ್ರಶಸ್ತಿ, 1989ರ ಆರ್ಡರ್ ಆಫ್ ಮೆರಿಟ್ ಅವುಗಳಲ್ಲಿ ಮುಖ್ಯವಾದವು. 1985ರವರೆಗೆ ಸಂಸ್ಥೆಯ ವೈದ್ಯಕೀಯ ನಿರ್ದೇಶಕಿಯಾಗಿದ್ದ ಅವರು ಬಳಿಕವೂ ಅಲ್ಲಿಯ ಆಗುಹೋಗುಗಳಿಂದ ದೂರವಾಗಲಿಲ್ಲ. ಸ್ತನ ಕ್ಯಾನ್ಸರ್ ಕಾಣಿಸಿಕೊಂಡಾಗ, ಸಾವಿರಾರು ಜನರಿಗೆ ಒದಗಿಸಿದ್ದ ಆರೈಕೆಯನ್ನು ತಾವೂ ಪಡೆದು, 2005ರ ಜುಲೈ 14ರಂದು, 87ನೆಯ ವಯಸ್ಸಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿ ನಿಧನರಾದರು. ದಿಢೀರನೆ ಬರುವ ಸಾವಿಗಿಂತ ಕ್ಯಾನ್ಸರಿನ ಸಾವೇ ಮೇಲು, ವಿದಾಯ ಹೇಳಲು ಸಮಯವಾದರೂ ಸಿಗುತ್ತದೆ ಎಂಬ ಅಭಿಪ್ರಾಯವನ್ನು ಅವರು ಆರೋಗ್ಯವಾಗಿದ್ದಾಗಲೇ ವ್ಯಕ್ತಪಡಿಸಿದ್ದರು.

ಭಾರತದಲ್ಲಿ ಮೊದಲ ಹಾಸ್ಪೈಸ್ ಆರಂಭವಾದದ್ದು 1986ರಲ್ಲಿ, ಮುಂಬಯಿಯಲ್ಲಿ. ಅದರ ಹೆಸರು ಶಾಂತಿ ಆವೇದನಾ ಸದನ. 1993ರಲ್ಲಿ ಅರಿವಳಿಕೆ ತಜ್ಞ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ಕೇರಳದ ಕಲ್ಲಿಕೋಟೆಯಲ್ಲಿ ಆರಂಭಿಸಿದ ಸಂಸ್ಥೆ ಬೇರೊಂದು ದಾರಿ ಹಿಡಿಯಿತು. ಕಟ್ಟಡಕ್ಕಿಂತ ನೆರೆಹೊರೆಯ ಸ್ವಯಂಸೇವಕರನ್ನು ನೆಚ್ಚಿಕೊಂಡ ಆ ಮಾದರಿ ಕೇರಳದಾದ್ಯಂತ ಹಬ್ಬಿ, 2008ರಲ್ಲಿ ಅಲ್ಲಿಯ ಸರ್ಕಾರ ಉಪಶಾಮಕ ಆರೈಕೆಗೆಂದೇ ಒಂದು ನೀತಿ ರೂಪಿಸಿತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್, 1999ರಲ್ಲಿ ಕರುಣಾಶ್ರಯವನ್ನು ತೆರೆಯಿತು. ಚಿಕಿತ್ಸೆಯ ಹಂತ ಮೀರಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಉಚಿತ ಆರೈಕೆ ಲಭ್ಯ. ಮನೆಮನೆಗೆ ತೆರಳುವ ತಂಡಗಳೂ ಆ ಸಂಸ್ಥೆಗಿವೆ.

ಸಂಸ್ಥೆಗಳು ಬಂದವು, ಔಷಧ ಬರಲಿಲ್ಲ ಎಂಬ ವಿಚಿತ್ರ ಪರಿಸ್ಥಿತಿ ನಮ್ಮ ದೇಶದ್ದು. ಮಾರ್ಫಿನ್ನಿನ ಮೂಲವಾದ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಡಿ ಬೆಳೆದು ವಿದೇಶಗಳಿಗೆ ರಫ್ತು ಮಾಡುವ ದೇಶದಲ್ಲಿಯೇ ರೋಗಿಗಳು ನೋವಿನಿಂದ ಚೀರುತ್ತ ಸಾಯುವಂತಾಯಿತು. 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಕಠಿಣ ಶಿಕ್ಷೆಗಳಿಗೆ ಹೆದರಿ ಆಸ್ಪತ್ರೆಗಳೂ ಔಷಧ ಅಂಗಡಿಗಳೂ ಮಾರ್ಫಿನ್ ದಾಸ್ತಾನು ಇಡುವುದನ್ನೇ ಬಿಟ್ಟವು. ಒಂದು ಆಸ್ಪತ್ರೆ ಅದನ್ನು ತರಿಸಬೇಕಾದರೆ ಬೇರೆ ಬೇರೆ ಇಲಾಖೆಗಳಿಂದ ಹಲವು ಪರವಾನಗಿಗಳು ಬೇಕಿದ್ದವು. ಎಲ್ಲವೂ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು. ಒಂದು ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ರಾಜಗೋಪಾಲ್ ಮತ್ತಿತರರ ದೀರ್ಘ ಹೋರಾಟದ ಫಲವಾಗಿ 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಅಗತ್ಯ ಮಾದಕ ಔಷಧಗಳಿಗೆ ದೇಶದಾದ್ಯಂತ ಏಕರೂಪದ ನಿಯಮ ಜಾರಿಯಾಯಿತು. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಆಸ್ಪತ್ರೆಯೊಂದು ಮಾರ್ಫಿನ್ ಇಟ್ಟುಕೊಳ್ಳಬಹುದು, ತರಬೇತಿ ಪಡೆದ ವೈದ್ಯರು ಬರೆದುಕೊಡಬಹುದು. ಮಾನ್ಯತೆ ಪಡೆಯಲು ಮುಂದಾಗುವ ಆಸ್ಪತ್ರೆಗಳ ಸಂಖ್ಯೆ ಮಾತ್ರ ಸಾಲದು. ಬೆಂಗಳೂರಿನಿಂದ ಚೀಟಿ ಹಿಡಿದು ಊರಿಗೆ ಮರಳಿದ ಕುಟುಂಬ, ಆ ಮಾತ್ರೆ ತೀರಿದ ದಿನ ಬಸ್ಸು ಹತ್ತಿ ಮತ್ತೆ ಬೆಂಗಳೂರಿಗೇ ಹೊರಡಬೇಕಾದ ತಾಲೂಕುಗಳು ರಾಜ್ಯದಲ್ಲಿ ಇನ್ನೂ ಇವೆ.